ಮಣ್ಣು ವಾಸನೆಗೆ ಕ್ಲೋರಿನ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಜಲಾಶಯಗಳ ಮಟ್ಟ ಇಳಿದಾಗ ನಲ್ಲಿ ನೀರಿಗೆ ಮಣ್ಣು ವಾಸನೆ ಎಂಬ ದೂರುಗಳು ನಿಮ್ಮ ಪತ್ರಿಕೆಯಲ್ಲಿ ಬರುತ್ತವೆ. ಬೆನ್ನಿಗೇ ‘ಕ್ಲೋರಿನ್ ಹೆಚ್ಚಿಸಲಾಗಿದೆ’ ಎಂಬ ಸಮಜಾಯಿಷಿಯೂ ಬರುತ್ತದೆ. ಇದರಿಂದ ವಾಸನೆ ಹೋಗದು, ಕೆಲವೊಮ್ಮೆ ಏರುತ್ತದೆ.

ಈ ವಾಸನೆಗೆ ಕಾರಣ ಜಿಯೋಸ್ಮಿನ್ ಮತ್ತು 2-ಮೀಥೈಲ್‌ಐಸೊಬೋರ್ನಿಯಾಲ್ ಎಂಬ ಎರಡು ರಾಸಾಯನಿಕಗಳು. ನೀಲಿ-ಹಸಿರು ಪಾಚಿ (ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ) ಮತ್ತು ಕೆಸರಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ಇವನ್ನು ತಯಾರಿಸುತ್ತವೆ. ಮೊದಲ ಮಳೆಯ ಘಮದಲ್ಲೂ ಇದೇ ಜಿಯೋಸ್ಮಿನ್ ಇದೆ. 1965ರಲ್ಲಿ ವಿಜ್ಞಾನಿಗಳಾದ ಗರ್ಬರ್ ಮತ್ತು ಲೆಶವಲಿಯೆ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಲೀಟರಿಗೆ 10 ನ್ಯಾನೊಗ್ರಾಂ ಇದ್ದರೂ ಬಹುತೇಕರ ಮೂಗಿಗೆ ತಿಳಿಯುತ್ತದೆ. ಅಂದರೆ 10 ಕೋಟಿ ಲೀಟರ್ ನೀರಿಗೆ ಒಂದೇ ಗ್ರಾಂ!

ಎರಡೂ ತೃತೀಯಕ ಆಲ್ಕೊಹಾಲ್‌ಗಳು. ಹೈಡ್ರಾಕ್ಸಿಲ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಅಂಟಿದ ಇಂಗಾಲದ ಮೇಲೆ ಹೈಡ್ರೋಜನ್ನೇ ಇಲ್ಲದ್ದರಿಂದ ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಇವು ಜಗ್ಗುವುದಿಲ್ಲ. ಕ್ಲೋರಿನ್ ತನ್ನ ಘಾಟಿನಿಂದ ವಾಸನೆಯನ್ನು ಮುಚ್ಚುತ್ತದಷ್ಟೆ. ಘಾಟು ಆರಿದ ಮೇಲೆ ಮತ್ತೆ ಅದೇ ವಾಸನೆ. ಕಚ್ಚಾ ನೀರಿಗೇ ಕ್ಲೋರಿನ್ ಸುರಿದರೆ ಪಾಚಿಯ ಕೋಶಗಳು ಒಡೆದು ಒಳಗಿದ್ದ ಜಿಯೋಸ್ಮಿನ್ ನೀರಿಗಿಳಿಯುತ್ತದೆ. ಜಲಾಶಯಕ್ಕೆ ಮೈಲುತುತ್ತ ಹಾಕಿದಾಗಲೂ ಇದೇ ಪಾಡು. ಕೋಶಗಳು ಇಡಿಯಾಗಿದ್ದಾಗಲೇ ಆಲಂ (ಪಟಿಕ) ಹಾಕಿ ತಳಕ್ಕಿಳಿಸಿ, ಆ ಕೆಸರನ್ನು ದಿನಗಟ್ಟಲೆ ಅಲ್ಲೇ ಉಳಿಯಲು ಬಿಡದೆ ಹೊರಹಾಕಬೇಕು.

ಕರಗಿಹೋದದ್ದನ್ನು ಹಿಡಿಯಲು ಸಕ್ರಿಯ ಇಂಗಾಲದ (ಆಕ್ಟಿವೇಟೆಡ್ ಕಾರ್ಬನ್) ಪುಡಿ ಬೇಕು. ಸಾಮಾನ್ಯವಾಗಿ ಲೀಟರಿಗೆ 10ರಿಂದ 30 ಮಿಲಿಗ್ರಾಂ, ಕನಿಷ್ಠ ಅರ್ಧ ಗಂಟೆಯ ಸಂಪರ್ಕ. ಮೀಥೈಲ್‌ಐಸೊಬೋರ್ನಿಯಾಲ್ ಇಂಗಾಲಕ್ಕೆ ಅಷ್ಟು ಸುಲಭವಾಗಿ ಅಂಟದ ಕಾರಣ ಅದಕ್ಕೆ ಪ್ರಮಾಣ ಹೆಚ್ಚು. ಪುಡಿಯನ್ನೂ ಕ್ಲೋರಿನ್ನನ್ನೂ ಒಂದೇ ಜಾಗದಲ್ಲಿ ಹಾಕುವುದು ದುಡ್ಡು ದಂಡ. ಕ್ಲೋರಿನ್ ಇಂಗಾಲದೊಂದಿಗೇ ವರ್ತಿಸಿ ಎರಡೂ ಕೆಲಸಕ್ಕೆ ಬಾರದಾಗುತ್ತವೆ. ಇಂಗಾಲ ಮೊದಲು, ಸೋಸಿದ ಮೇಲೆ ಕ್ಲೋರಿನ್. ಕ್ಲೋರಿನ್ನೇ ಬೇಡ ಎನ್ನುತ್ತಿಲ್ಲ: ರೋಗಾಣು ಕೊಲ್ಲಲು ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ನಲ್ಲಿಯಲ್ಲಿ ಇರಲೇಬೇಕು.

ನೀರಿನಲ್ಲಿ ಸಿಗುವ ಪ್ರಮಾಣದಲ್ಲಿ ಜಿಯೋಸ್ಮಿನ್ ವಿಷವಲ್ಲ. ಆದರೆ ಕೆಲವು ನೀಲಿ-ಹಸಿರು ಪಾಚಿಗಳು ಯಕೃತ್ತಿಗೆ ಹಾನಿ ಮಾಡುವ ಮೈಕ್ರೊಸಿಸ್ಟಿನ್ನನ್ನೂ ತಯಾರಿಸುತ್ತವೆ. ಅದಕ್ಕೆ ವಾಸನೆಯಿಲ್ಲ, ಕುದಿಸಿದರೂ ಅದು ನಾಶವಾಗದು. ಹಾಗಾಗಿ ವಾಸನೆಯ ದೂರು ಬಂದಾಗ ಜಲಾಶಯದ ಪಾಚಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಮೊದಲ ಕೆಲಸವಾಗಬೇಕು.

ಮನೆಯವರು ಬ್ಲೀಚಿಂಗ್ ಪೌಡರ್ ಹಿಡಿದು ಸಂಪಿನೊಳಗೆ ಇಳಿಯುವ ಮುನ್ನ ಹೀಗೆ ನೋಡಲಿ. ಎರಡು ಶುಭ್ರ ಗಾಜಿನ ಬಾಟಲಿಗಳಲ್ಲಿ ಅರ್ಧರ್ಧ ನೀರು: ಒಂದರಲ್ಲಿ ಬೀದಿ ಕೊಳವೆಯಿಂದ ನೇರ ಬಂದದ್ದು, ಇನ್ನೊಂದರಲ್ಲಿ ಓವರ್‌ಹೆಡ್ ಟ್ಯಾಂಕಿನದು. ಮುಚ್ಚಳ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ, ಕುಲುಕಿ, ತೆರೆದ ಕೂಡಲೇ ಮೂಸಬೇಕು. ನಡುವೆ ಒಂದೆರಡು ನಿಮಿಷ ಬಿಡುವು ಕೊಡದಿದ್ದರೆ ಮೂಗು ದಣಿದು ಎರಡನೆಯದು ಸಪ್ಪೆ ಎನಿಸುತ್ತದೆ. ಟ್ಯಾಂಕಿನ ನೀರು ಮಾತ್ರ ನಾರಿದರೆ ತಳದ ಗಸಿ ತೆಗೆದು ಉಜ್ಜಿ, ಬಿಸಿಲು ಬೀಳದಂತೆ ಮುಚ್ಚಬೇಕು. ಎರಡೂ ನಾರಿದರೆ ತೊಂದರೆ ಮೇಲಿನಿಂದಲೇ ಬಂದಿದೆ. ನೀರು ಸರಬರಾಜು ಕಚೇರಿಗೆ ದೂರು ಕೊಡುವಾಗ ಇಂಗಾಲದ ಪುಡಿ ಹಾಕುತ್ತಿದ್ದಾರೆಯೇ, ಯಾವ ಹಂತದಲ್ಲಿ ಎಂದು ಕೇಳಿ.

– ನೀರು ಪರೀಕ್ಷೆಯ ಕೆಲಸದಲ್ಲಿರುವ ಓದುಗರು, ಮೈಸೂರು