ಮೊದಲ ಹೆಸರು ಯಾರದು ನೋಡು

ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ಟ್ಯುನೀಷಿಯಾದ ಹೆಂಗಸರು ಬೀದಿಗಿಳಿದದ್ದನ್ನು ಚೆನ್ನಾಗಿ ಬರೆದಿದ್ದೀಯ. ಆದರೆ 2011ರ ಜನವರಿ 14ರಂದು ಅಲ್ಲಿನ ಸರ್ವಾಧಿಕಾರಿ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದ ಕೂಡಲೇ ನಿನ್ನ ಕಥೆ ಮುಗಿದುಬಿಟ್ಟಿದೆ. ಅಸಲು ಜಗಳ ಶುರುವಾದದ್ದೇ ಆಮೇಲೆ ಕಣೇ.

ಆ ವರ್ಷದ ಚುನಾವಣಾ ನಿಯಮವನ್ನು ಕೂತು ಓದು. ಅಲ್ಲಿ ಜನ ಮತ ಹಾಕಿದ್ದು ಒಬ್ಬ ಅಭ್ಯರ್ಥಿಗಲ್ಲ, ಪಕ್ಷದ ಹೆಸರುಪಟ್ಟಿಗೆ; ಒಂದು ಕ್ಷೇತ್ರಕ್ಕೆ ಹಲವು ಸ್ಥಾನ, ಪಕ್ಷಕ್ಕೆ ಸಿಕ್ಕಷ್ಟು ಸ್ಥಾನ ಪಟ್ಟಿಯ ಮೇಲಿನ ಹೆಸರುಗಳಿಗೆ. ಪ್ರತಿ ಪಟ್ಟಿಯಲ್ಲೂ ಗಂಡು, ಹೆಣ್ಣು, ಗಂಡು, ಹೆಣ್ಣು ಅಂತ ಸರದಿಯಲ್ಲಿ ಹೆಸರಿರಬೇಕಿತ್ತು. ಕೇಳಿದರೆ ಅರ್ಧಕ್ಕರ್ಧ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಆದರೆ ಮೊದಲ ಹೆಸರು ಯಾರದು? ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಟ್ಟಿಗಳಲ್ಲಿ ಗಂಡಸಿನದೇ. ಚಿಕ್ಕ ಪಕ್ಷಕ್ಕೆ ಒಂದು ಕ್ಷೇತ್ರದಲ್ಲಿ ದಕ್ಕುವುದು ಒಂದೇ ಸ್ಥಾನ. ಅದು ಅವನಿಗೆ, ಎರಡನೆಯವಳು ಮನೆಗೆ. ಹೀಗಾಗಿ ಹೊಸ ಸಂವಿಧಾನ ಬರೆಯುವ ಸಭೆಯ 217 ಸ್ಥಾನಗಳಲ್ಲಿ ಹೆಂಗಸರು ಗೆದ್ದದ್ದು ಕಾಲುಭಾಗಕ್ಕೂ ಕಡಿಮೆ. ಅವರಲ್ಲೂ ಬಹುಪಾಲು ಇಸ್ಲಾಮಿಕ್ ಪಕ್ಷ ಎನ್ನಹ್ದಾದವರು, ಒಂದೊಂದು ಕ್ಷೇತ್ರದಲ್ಲಿ ಹಲವು ಸ್ಥಾನ ಬಾಚಿಕೊಂಡದ್ದು ಅದೇ ತಾನೆ! ಸ್ತ್ರೀ ಸಮಾನತೆ ಅಂತ ಗಂಟಲು ಹರಿದುಕೊಂಡ ಜಾತ್ಯತೀತ ಪಕ್ಷಗಳಲ್ಲಿ ಹೆಚ್ಚಿನವು ಮೊದಲ ಹೆಸರು ಮಾತ್ರ ಬಿಟ್ಟುಕೊಡಲಿಲ್ಲ. ತಲೆವಸ್ತ್ರ ನೋಡಿ ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಪು ಕೊಟ್ಟಿದ್ದೀಯಲ್ಲ, ಆ ಪುಟ ಹರಿದುಹಾಕು.

2012ರಲ್ಲಿ ಸಂವಿಧಾನದ ಕರಡು ಹೆಣ್ಣನ್ನು ಕುಟುಂಬದಲ್ಲಿ ಗಂಡಿಗೆ ಪೂರಕ ಅಂದಾಗ, ಆಗಸ್ಟ್ 13ರಂದು ಸಾವಿರಾರು ಜನ ರಾಜಧಾನಿ ಟ್ಯೂನಿಸ್‌ನಲ್ಲಿ ಮೆರವಣಿಗೆ ಹೊರಟರು. ಬಹುಪತ್ನಿತ್ವ ನಿಷೇಧಿಸಿದ 1956ರ ಕೌಟುಂಬಿಕ ಕಾನೂನು ಹೊರಬಿದ್ದ ದಿನ ಅದು. ಆ ಸಾಲು ಹೋಯಿತು. 2014ರ ಸಂವಿಧಾನದಲ್ಲಿ ಸಮಾನತೆ ಬಂತು. 2018ರ ಸ್ಥಳೀಯ ಚುನಾವಣೆಯಲ್ಲಿ ಪಟ್ಟಿಯ ತಲೆಯ ಹೆಸರಿಗೂ ಅರ್ಧಪಾಲಿನ ನಿಯಮ ತಂದರು. ನೋಡು, ಗೆದ್ದವರಲ್ಲಿ ಹೆಚ್ಚುಕಮ್ಮಿ ಅರ್ಧ ಹೆಂಗಸರು. ಟ್ಯೂನಿಸ್‌ಗೆ ಮೊದಲ ಮಹಿಳಾ ಮೇಯರ್ ಆಗಿ ಬಂದ ಸುಆದ್ ಅಬ್ದುರ್ರಹೀಮ್ ಎನ್ನಹ್ದಾ ಪಟ್ಟಿಯವರು, ತಲೆವಸ್ತ್ರ ಹಾಕುವವರಲ್ಲ.

ಇನ್ನು ನೀನು ಮುಟ್ಟದೇ ಬಿಟ್ಟ 2022. ಅಧ್ಯಕ್ಷ ಕೈಸ್ ಸಯೀದ್ ಹಿಂದಿನ ವರ್ಷವಷ್ಟೇ ನಜ್ಲಾ ಬೂದೆನ್ ಅವರನ್ನು ಪ್ರಧಾನಿ ಮಾಡಿದ್ದರು. ಅರಬ್ ಜಗತ್ತಿನಲ್ಲೇ ಮೊದಲ ಮಹಿಳಾ ಪ್ರಧಾನಿ ಅಂತ ಪತ್ರಿಕೆಗಳೆಲ್ಲ ಕೊಂಡಾಡಿದವು. ಆಕೆ ಆ ಕುರ್ಚಿಯಲ್ಲಿದ್ದಾಗಲೇ ಹೊಸ ಚುನಾವಣಾ ಕಾಯ್ದೆ ಬಂತು. ಪಟ್ಟಿ ಪದ್ಧತಿ ಹೋಯಿತು, ಅದರ ಜೊತೆಗೆ ಅರ್ಧಪಾಲೂ ಹೋಯಿತು. ಅಭ್ಯರ್ಥಿ 400 ಮತದಾರರ ಸಹಿ ತರಬೇಕು, ಅದರಲ್ಲಿ ಅರ್ಧ ಹೆಂಗಸರದಿರಬೇಕು ಅಂತ ಮಾತ್ರ ಬರೆದರು. ಸಹಿಗೆ ಹೆಂಗಸರು ಬೇಕು, ಸ್ಥಾನಕ್ಕೆ ಬೇಡ!

ಮುಂದಿನ ಕರಡನ್ನು ಆ 400 ಸಹಿಯಿಂದಲೇ ಶುರುಮಾಡಿ ಕಳಿಸು.

ಇಂತಿ,
ದೊಡ್ಡಮ್ಮ