ಜಲಾಶಯದ ಮಟ್ಟದ ಪಕ್ಕದಲ್ಲೇ ಹಕ್ಕಿ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯದ ಮಟ್ಟವನ್ನು ದಿನಾ ಹಾಕುತ್ತೀರಿ. ತುಂಬು ಮಟ್ಟವಾದ 519.60 ಮೀಟರ್ ಮುಟ್ಟಿತಾ ಅಂತ ನಾವು ಪೇಪರ್ ಬಿಚ್ಚಿದ ಕೂಡಲೇ ನೋಡುವುದು ಅದನ್ನೇ. ಚಳಿಗಾಲದಲ್ಲಿ ಅದರ ಪಕ್ಕಕ್ಕೆ ನಾಲ್ಕು ಸಾಲು ಹಕ್ಕಿ ಸುದ್ದಿ ಹಾಕಿ ಎಂದು ಕೇಳಲು ಈ ಪತ್ರ.

ನಾನು ಬೀಳಗಿ ತಾಲ್ಲೂಕಿನ ಹಿನ್ನೀರ ದಂಡೆಯ ರೈತ. ಹಕ್ಕಿ ಕಂಡರೆ ಕೈ ಮುಗಿಯುವವನೇನಲ್ಲ. ಕಡಲೆ ಗಿಡ ಇನ್ನೂ ಎಳೆಯದಾಗಿದ್ದಾಗ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಕ್ಕೆ ಇಳಿಯುತ್ತವೆ. ಬೆಳಗ್ಗೆ ಹೋದರೆ ಕುಡಿಗಳೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಸಾಲಿನ ನಡುವೆ ಹಸಿರು ಹಿಕ್ಕೆ. ಬಿಳಿಜೋಳ ಹಾಲುಗಾಳು ಆಯಿತೆಂದರೆ ಗುಲಾಬಿ ಮೈನಾಗಳ ದಂಡು ಬರುತ್ತದೆ. ಕವಣೆ ಬೀಸಿ ರಟ್ಟೆ ಸೋಲುತ್ತದೆ. ಅವು ಪಕ್ಕದ ಊರಿಗೆ ಬಂದ ಸುದ್ದಿ ಒಂದು ದಿನ ಮೊದಲು ಗೊತ್ತಾದರೂ ನಮಗೆ ಉಪಕಾರ.

ಆ ಹೆಬ್ಬಾತುಗಳು ಬರುವುದು ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ, ಗುರುತು ಸುಲಭ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವಕ್ಕೆ ಅಕ್ಷರ, ಅಂಕಿ ಬರೆದ ಕೊರಳಪಟ್ಟಿ ಹಾಕಿ ಬಿಟ್ಟಿದ್ದಾರೆ. ಅಂಥವು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ. ನಮ್ಮ ದಂಡೆಯಲ್ಲಿ ಕುರಿ ಕಾಯುವ ಹುಡುಗನ ಕಣ್ಣಿಗೆ ಒಂದು ಬಿದ್ದರೆ ಅವನು ಯಾರಿಗೆ ಹೇಳಬೇಕು?

ಇನ್ನು ಫ್ಲೆಮಿಂಗೊ. ಇವು ಚಳಿ ದೇಶದವಲ್ಲ, ಕಛ್‌ನ ರಣದಲ್ಲಿ ಮರಿ ಮಾಡುವ ಹಕ್ಕಿ. ನೀರು ಇಳಿದು ದಂಡೆಯ ಕೆಸರು ಬಿಟ್ಟುಕೊಂಡಾಗ ಕಾಣಿಸುತ್ತವೆ. ಕೊಕ್ಕು ತಲೆಕೆಳಗು ಮಾಡಿ ಕೆಸರು ನೀರು ಸೋಸುತ್ತಾ ಸುಮ್ನೆ ಮುಂದೆ ಸಾಗುತ್ತವೆ. ನೀರೆಷ್ಟು, ಹಕ್ಕಿ ಯಾವುದು ಅನ್ನುವುದನ್ನು ಅಕ್ಕಪಕ್ಕ ಅಚ್ಚು ಹಾಕಿದರೆ ಎರಡೂ ಒಂದೇ ಕಥೆ ಹೇಳುತ್ತವೆ.

ಅಮೆರಿಕ, ಕೆನಡಾದಲ್ಲಿ ಜನ 1900ರಿಂದ ಕ್ರಿಸ್‌ಮಸ್ ಹೊತ್ತಿಗೆ ಹಿಮದಲ್ಲೇ ನಿಂತು ಹಕ್ಕಿ ಎಣಿಸುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರು. ನಮ್ಮಲ್ಲೂ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಆದರೆ ಮೊದಲ ಹಿಂಡು ಯಾವಾಗ ಇಳಿಯಿತು, ಕೊನೆಯದು ಯಾವಾಗ ಹೋಯಿತು ಅನ್ನುವುದು ದಂಡೆಯ ಮೀನುಗಾರರಿಗೇ ಗೊತ್ತು. ಅವರನ್ನು ಕೇಳಿ ಬರೆಯಿರಿ.

ಒಂದು ಷರತ್ತು. ಊರಿನ ಹೆಸರು ಹಾಕಿ, ಸರಿಯಾದ ಜಾಗ ಮಾತ್ರ ಬೇಡ. ಡ್ರೋನ್ ಹಾರಿಸಿ, ಹಿಂಡು ಎಬ್ಬಿಸಿ ಫೋಟೊ ತೆಗೆಯುವವರ ಕಾಟ ಈಗಲೇ ಜಾಸ್ತಿ. ನೀರಿನಿಂದ ಎದ್ದ ಹಿಂಡು ನನ್ನ ಕಡಲೆ ಹೊಲಕ್ಕೇ ಬರುತ್ತದೆ, ಅಲ್ವಾ?

ನವೆಂಬರ್‌ನಿಂದ ಮಾರ್ಚ್‌ವರೆಗೆ, ವಾರಕ್ಕೊಮ್ಮೆಯಾದರೂ ಸಾಕು. ಜಾಗ ಸಾಲದಿದ್ದರೆ ವಾರಭವಿಷ್ಯವನ್ನು ಸ್ವಲ್ಪ ಸಣ್ಣದು ಮಾಡಿ.

— ಒಬ್ಬ ರೈತ, ಬೀಳಗಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ