ಹಾರ್ಟೆನ್‌ಸ್ಟೈನ್ ಮೊದಲ ಐವರಲ್ಲಿ ಇರಲೇಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025ರ ಚಾಂಪಿಯನ್ ಓಕ್ಲಹೋಮಾ ಸಿಟಿ ಥಂಡರ್ ತಂಡದ ಅತ್ಯುತ್ತಮ ಐವರನ್ನು ಆರಿಸಿದ ನಿಮ್ಮ ಕ್ರೀಡಾ ಪುಟದ ಬರಹ ಓದಿದೆ. ಗಿಲ್ಜಸ್-ಅಲೆಕ್ಸಾಂಡರ್, ಜೇಲನ್ ವಿಲಿಯಮ್ಸ್, ಡಾರ್ಟ್, ಹೋಮ್‌ಗ್ರೆನ್ ಬಗ್ಗೆ ಯಾರದೂ ತಕರಾರಿಲ್ಲ. ಐದನೆಯವರಾಗಿ, ಹೋಮ್‌ಗ್ರೆನ್ ಹಾಗೆಯೇ ಎತ್ತರದ ಆಟಗಾರ ಹಾರ್ಟೆನ್‌ಸ್ಟೈನ್ ಅವರನ್ನು ಬಿಟ್ಟು, ಅವರಿಗಿಂತ ಗಿಡ್ಡರಾದ ಕರೂಸೊ ಅವರನ್ನು ಹಾಕಿದ್ದೀರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಚೆಂಡು ಹಿಡಿದು ಬರುವ ಹುಡುಗರದೂ ನಿಮ್ಮದೇ ವಾದ: "ಇಬ್ರು ದೊಡ್ಡವ್ರು ಯಾಕ್ರಿ ಸರ್? ಸಣ್ಣ ಟೀಮ್ ಇದ್ರ ಓಡ್ತದ."

ಓಡುತ್ತದೆ, ನಿಜ. ಏಳು ಪಂದ್ಯಗಳ ಫೈನಲ್ ಸರಣಿಯಲ್ಲಿ ಥಂಡರ್ ಕೋಚ್ ಡೇಗ್‌ನಾಲ್ಟ್ ಕೂಡ ಹಾಗೇ ಎಣಿಸಿದಂತಿತ್ತು. ಇಂಡಿಯಾನಾ ವಿರುದ್ಧದ ಮೊದಲ ಪಂದ್ಯದಲ್ಲಿ ಹಾರ್ಟೆನ್‌ಸ್ಟೈನ್ ಅವರನ್ನು ಆರಂಭದಲ್ಲಿ ಬೆಂಚಿನಲ್ಲಿ ಕೂರಿಸಿ ಎತ್ತರ ಕಡಿಮೆಯ ಕೇಸನ್ ವ್ಯಾಲೇಸ್ ಅವರನ್ನು ಇಳಿಸಿದರು. ಎದುರಾಳಿ 25 ಸಲ ಚೆಂಡು ಕಳೆದುಕೊಂಡರೂ ಥಂಡರ್ 110–111ರಿಂದ ಸೋತಿತು. ರಿಬೌಂಡ್‌ನಲ್ಲಿ, ಅಂದರೆ ಗುರಿ ತಪ್ಪಿ ಮರಳುವ ಚೆಂಡನ್ನು ಹಿಡಿಯುವುದರಲ್ಲಿ, ಇಂಡಿಯಾನಾದ್ದೇ ಮೇಲುಗೈ. ಎರಡನೇ ಪಂದ್ಯವನ್ನು ಅದೇ ಐವರೊಂದಿಗೆ ಸುಲಭವಾಗಿ ಗೆದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ಮೂರನೆಯದು ಮತ್ತೆ ಸೋಲು. ನಾಲ್ಕನೆಯದರಲ್ಲಿ ಹಾರ್ಟೆನ್‌ಸ್ಟೈನ್ ಮೊದಲ ಐವರಿಗೆ ವಾಪಸ್ ಬಂದರು, ತಂಡ 111–104ರಿಂದ ಗೆದ್ದಿತು. ಕೊನೆಗೆ ಸರಣಿ 4–3. ಗೆಲುವೆಲ್ಲ ಅವರೊಬ್ಬರದೇ ಎಂದರೆ ಅತಿಯಾದೀತು. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಇಂಡಿಯಾನಾದ ಹ್ಯಾಲಿಬರ್ಟನ್ ಗಾಯಗೊಂಡು ಹೊರನಡೆದದ್ದೂ ಲೆಕ್ಕಕ್ಕೆ ಬರುತ್ತದೆ.

ನಾನು ನೋಡುವುದು ಬೇರೆಯದನ್ನು. ಹೋಮ್‌ಗ್ರೆನ್ ಏಳಡಿ ಮೀರಿದ ಎತ್ತರ, ಆದರೆ ಮೈ ತೆಳು. ರಿಂಗ್ ಕೆಳಗಿನ ನೂಕಾಟವನ್ನೆಲ್ಲ ಅವರೇ ತಡೆಯಬೇಕಾದರೆ ಬೇಗ ಸುಸ್ತು, ಜೊತೆಗೆ ಫೌಲ್. ಆ ನೂಕಾಟ ಹಾರ್ಟೆನ್‌ಸ್ಟೈನ್ ಮೈಮೇಲೆ ಹೋದರೆ ಹೋಮ್‌ಗ್ರೆನ್ ಪಕ್ಕದಿಂದ ಬಂದು ಬ್ಲಾಕ್ ಮಾಡಬಹುದು. ಅಟ್ಯಾಕ್‌ನಲ್ಲೂ ಅಷ್ಟೆ. ಗಿಲ್ಜಸ್-ಅಲೆಕ್ಸಾಂಡರ್ ಅವರನ್ನು ಕಾಯುವವನಿಗೆ ಹಾರ್ಟೆನ್‌ಸ್ಟೈನ್ ಸ್ಕ್ರೀನ್ ಹಾಕುತ್ತಾರೆ, ಅಂದರೆ ದಾರಿಗೆ ಅಡ್ಡ ನಿಲ್ಲುತ್ತಾರೆ, ಆತ ಅರೆಕ್ಷಣ ಸಿಕ್ಕಿಹಾಕಿಕೊಳ್ಳುತ್ತಾನೆ. ಅಷ್ಟರಲ್ಲಿ ಹಾರ್ಟೆನ್‌ಸ್ಟೈನ್ ಒಳಗೆ ಸರಿದು ಒಂದೇ ಕೈಯಲ್ಲಿ ಚೆಂಡನ್ನು ಮೆಲ್ಲಗೆ ರಿಂಗ್ ಕಡೆ ತೇಲಿಬಿಡುತ್ತಾರೆ, ಇಲ್ಲವೇ ಮೂಲೆಯಲ್ಲಿ ನಿಂತವರಿಗೆ ಪಾಸ್ ಕೊಡುತ್ತಾರೆ. ಅಂಕಪಟ್ಟಿಯಲ್ಲಿ ಸ್ಕ್ರೀನ್‌ಗೆ ಜಾಗವಿಲ್ಲ, ಹಾಗಾಗಿ ಇಂಥವರೇ ಮೊದಲು ಹೊರಬೀಳುವುದು.

ಕರೂಸೊ ಕಡಿಮೆಯವರೆಂದಲ್ಲ. ಫೈನಲ್‌ಗೂ ಮುಂಚಿನ ಸುತ್ತಿನಲ್ಲಿ, ಡೆನ್ವರ್ ವಿರುದ್ಧದ ಏಳನೇ ಪಂದ್ಯದಲ್ಲಿ, ಆರಡಿ ಐದಿಂಚಿನ ಆ ಮನುಷ್ಯ ಯೊಕಿಚ್ ಅವರಂಥ ದೈತ್ಯನನ್ನು ಕಾಡಿದ್ದನ್ನು ನೋಡಿದ್ದೇವೆ. ಆದರೆ ಅಷ್ಟು ಜೋರಿನಲ್ಲಿ ಆಡುವವರನ್ನು ತುಸು ತಡೆದು, ಎದುರಿನವರು ದಣಿದ ಹೊತ್ತಿಗೆ ಬಿಡುವುದೇ ಜಾಣತನ. ಬೆಂಚಿನಿಂದ ಬರುವುದು ಅವಮಾನವಲ್ಲ. ಸ್ಯಾನ್ ಆಂಟೋನಿಯೊದ ಜಿನೋಬಿಲಿ ಹಾಗೆ ಬಂದೇ ದೊಡ್ಡ ಹೆಸರು ಮಾಡಿದರು.

ಸಣ್ಣ ತಂಡವೇ ಸರಿ ಎನ್ನಲು 2015ರ ಫೈನಲ್‌ನ ಉದಾಹರಣೆ ಎತ್ತುವವರಿದ್ದಾರೆ. ಆಗ ಗೋಲ್ಡನ್ ಸ್ಟೇಟ್ 1–2ರಲ್ಲಿ ಹಿಂದಿದ್ದಾಗ ಅದರ ಕೋಚ್ ಸ್ಟೀವ್ ಕರ್ ಎತ್ತರದ ಬೋಗಟ್ ಬದಲು ಇಗ್ವಡಾಲಾ ಅವರನ್ನು ಇಳಿಸಿ ಮುಂದಿನ ಮೂರೂ ಪಂದ್ಯ ಗೆದ್ದರು, ಸರಿ. ಅದು ಒಂದು ಎದುರಾಳಿಗಾಗಿ ಮಾಡಿದ ಬದಲಾವಣೆ. ಮುಂದಿನ ಋತುವಿನ ಬಹುಪಾಲು ಪಂದ್ಯಗಳಲ್ಲಿ ಮೊದಲ ಐವರಲ್ಲಿ ಬೋಗಟ್ ಅವರೇ ಇದ್ದರು.

ಒಂದು ಕೋರಿಕೆ: ಬ್ಯಾಸ್ಕೆಟ್‌ಬಾಲ್ ಸುದ್ದಿ ಹಾಕುವಾಗ ಯಾರು ಎಷ್ಟು ಅಂಕ ಹೊಡೆದರು ಎಂಬುದರ ಜೊತೆಗೆ ಯಾರು ಎಷ್ಟು ನಿಮಿಷ ಆಡಿದರು ಎಂಬುದನ್ನೂ ಒಂದು ಸಾಲಿನಲ್ಲಿ ಕೊಡಿ. ನಮ್ಮ ವಾದಕ್ಕೆ ಅನುಕೂಲವಾಗುತ್ತದೆ.

– ಹಳೆಯ ಕಾಲೇಜು ಆಟಗಾರ, ಬ್ರಹ್ಮಪುರ, ಕಲಬುರಗಿ